ಅಂಬಾಬಾಯಿಯ ಪರವಾಗಿ ಒಂದು ಮಾತು

“ಆ ಕಾಲಕ್ಕೆ ಒಬ್ಬ ಗಂಡಸು ಅಷ್ಟು ಬರ್ದಿದ್ದೇ ಹೆಚ್ಚಲ್ವಾ ಮೇಡಂ? ಅದ್ರಲ್ಲೂ ತಪ್ಪು ಹುಡುಕ್ತೀರಲ್ಲ!”

ತುಮಕೂರಿನಲ್ಲಿ ‘ಇಂದಿರಾಬಾಯಿ’ ಕಾದಂಬರಿ ಬಗ್ಗೆ ಎಲ್ಲಿ ಮಾತಾಡಿದರೂ ಕಾಫಿ ಹೊತ್ತಿಗೆ ಯಾರಾದರೂ ಹೀಗೆ ಕೇಳಿಯೇ ಕೇಳುತ್ತಾರೆ. ಹೆಚ್ಚಾಗಿ ನಿವೃತ್ತ ಮೇಷ್ಟ್ರುಗಳು, ಪ್ರೀತಿಯಿಂದಲೇ.

ಹೆಚ್ಚೇ, ಇಲ್ಲ ಅನ್ನುವುದಿಲ್ಲ. ಪೊಲೀಸ್ ಇಲಾಖೆಯಲ್ಲಿದ್ದ ಗುಲ್ವಾಡಿ ವೆಂಕಟರಾಯರು 1899ರ ಈ ಕಾದಂಬರಿಯಲ್ಲಿ ಇಂದಿರಾ ಎಂಬ ಬಾಲವಿಧವೆಯನ್ನು ತವರಿನಿಂದ ಹೊರಗೆ ಕರೆತಂದು, ಓದಿಸಿ, ಮತ್ತೆ ಮದುವೆ ಮಾಡಿಸಿದರು. ವಿಧವಾ ವಿವಾಹಕ್ಕೆ 1856ರಲ್ಲೇ ಕಾನೂನಿತ್ತು, ಒಪ್ಪುವ ಮನೆಗಳಿರಲಿಲ್ಲ. ಆದರೆ ಶಾಲು ಹೊದಿಸಿ ಕೂರಿಸಿದ ಪುಸ್ತಕವನ್ನು ಯಾರೂ ಓದುವುದಿಲ್ಲ. ನಾನು ಮಕ್ಕಳಿಗೆ ಹೇಳುವುದಿಷ್ಟೇ: ಕಥೆ ಸಾಗುತ್ತಾ ಹೋದಂತೆ ತೀರ್ಮಾನ ಯಾರದು ಅಂತ ನೋಡ್ಕೊಂಡು ಹೋಗಿ.

ಇಂದಿರಾ ತಾನೇ ತೀರ್ಮಾನಿಸಿದ್ದು ಒಂದನ್ನು: ವೇಷಧಾರಿ ಸಂತರ ಕಾಟಕ್ಕೆ ಬೇಸತ್ತು ಮನೆ ಬಿಡುವುದು. ಕಾದಂಬರಿಯ ಜೀವ ಅಲ್ಲಿದೆ. ಆಮೇಲೆ ಆಸರೆ ಸುಧಾರಕ ಅಮೃತರಾಯರದು, ಓದು ಅವರ ಆಶ್ರಯದಲ್ಲಿ, ವರ ವಿಲಾಯಿತಿಗೆ ಹೋಗಿ ಬಂದ ಭಾಸ್ಕರ. ಅಪ್ಪನ ಕೈಯಿಂದ ಬಿಡಿಸಿಕೊಂಡವಳು ಸುಧಾರಕರ ಕೈಗೆ ಬಂದಳು. ಒಳ್ಳೆಯ ಕೈಯೇ, ಆದರೂ ಕೈ. 1903ರಲ್ಲಿ ಬ್ರಿಟಿಷ್ ಕಲೆಕ್ಟರ್ ಕೌಚ್‌ಮನ್ ಇದನ್ನು ಇಂಗ್ಲಿಷಿಗೆ ತಂದದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ. ಇಂಗ್ಲಿಷ್ ಓದು, ಸರ್ಕಾರಿ ಹುದ್ದೆ ಇವೇ ಇಲ್ಲಿ ಉದ್ಧಾರದ ದಾರಿ.

ಗಂಡಸರಲ್ಲಿ ಬಗೆಬಗೆಯವರಿದ್ದಾರೆ: ಅಡ್ಡದಾರಿಯಲ್ಲಿ ಗಂಟು ಮಾಡಿದವರು, ಕಳ್ಳ ಸಂತರು, ಸುಧಾರಕರು, ಅಧಿಕಾರಿಗಳು. ಹೆಂಗಸರನ್ನು ಅಳೆಯಲು ಮಾತ್ರ ಶೀಲವೊಂದೇ ಅಳತೆಗೋಲು. ಇಂದಿರಾಳಿಗೆ ಎರಡನೇ ಮದುವೆ ಸಿಕ್ಕಿದ್ದು ಓದುಗರಿಗೆ ಅವಳ ಮೇಲೆ ಎಳ್ಳಷ್ಟೂ ಸಂಶಯ ಬಾರದ ಹಾಗೆ ಲೇಖಕರು ಕಾಪಾಡಿದ್ದರಿಂದ. ಒಂದು ಸಲ ಮನಸ್ಸು ಜಾರಿದ್ದರೆ? ಆ ಕಾದಂಬರಿ ಬೇರೆಯೇ ಆಗುತ್ತಿತ್ತು.

ಇನ್ನು ಅವಳಮ್ಮ ಅಂಬಾಬಾಯಿ. ಆ ವೇಷಧಾರಿ ಸಂತರ ಮಂಡಳಿಗೆ ಗಂಡ ಭೀಮರಾಯನೂ ಮಾರುಹೋದವನೇ, ಆದರೆ ತರಗತಿಯಲ್ಲಿ ಬೈಗುಳವೆಲ್ಲ ಅಮ್ಮನಿಗೇ. ಅವಳಿಗೆ ಯಾವ ಅಮೃತರಾಯರು ಸಿಕ್ಕಿದ್ದರು? ಓದಲು ಬಿಡದ ಕಾಲದಲ್ಲಿ ಅಂಥ ಮನೆಯ ಹೆಂಗಸಿಗೆ ನಾಲ್ಕು ಜನರೆದುರು ಕೂರಲು, ಹಾಡಲು, ದೊಡ್ಡವಳೆನಿಸಿಕೊಳ್ಳಲು ಇದ್ದ ಜಾಗ ಭಜನೆ, ಸಂತರ್ಪಣೆ. ಮಗಳನ್ನು ಅದೇ ಜಾಗಕ್ಕೆ ತಳ್ಳಿದ್ದು ಕ್ರೌರ್ಯವೇ ಸರಿ. ಆದರೆ ಕಾದಂಬರಿ ಅವಳನ್ನು ಮೂಢಳೆಂದು ತೀರಿಸಿಬಿಡುತ್ತದೆ, ಒಳಗೆ ಇಣುಕುವುದಿಲ್ಲ. ನನ್ನ ತಕರಾರು ಅದು.

ಶಿರಾ ಕಡೆಯ ಹುಡುಗಿಯೊಬ್ಬಳು ನನಗೇ ತಿರುಗಿ ಕೇಳಿದ್ದಳು: “ನಮ್ ಮುತ್ತಜ್ಜಿಗೆ ಕೂಡಾವಳಿ ಆಗಿತ್ತು ಮಿಸ್. ಅದ್ರ ಬಗ್ಗೆ ಯಾಕೆ ಕಾದಂಬರಿ ಬರೀಲಿಲ್ಲ?” ಸರಿಯಾದ ಪ್ರಶ್ನೆ. ಬಯಲುಸೀಮೆಯ ಎಷ್ಟೋ ಜಾತಿಗಳಲ್ಲಿ ಗಂಡ ಸತ್ತವಳು ಕೂಡಾವಳಿ, ಅಂದರೆ ಸೀರೆ ಉಡಿಕೆಯಾಗಿ ಇನ್ನೊಬ್ಬನ ಜೊತೆ ಬಾಳುತ್ತಿದ್ದಳು, ಮರ್ಯಾದೆ ಮಾತ್ರ ಒಂದು ಗುಲಗಂಜಿ ಕಡಿಮೆ. ‘ಹಿಂದೂ ವಿಧವೆ’ಯ ಗೋಳು ಎಂದು ನಾವು ಓದುವುದು ಮೇಲ್ಜಾತಿ ಮನೆಯ ಗೋಳು. ಸ್ತ್ರೀವಾದಿ ಓದು ಇದನ್ನು ಮರೆತರೆ ಅದೂ ಅರ್ಧ ಓದೇ. ಹಾಗೆಂದು ನಮ್ಮ ಸೀಮೆ ಸಾಚಾ ಅಲ್ಲ: ಎಂಟು ತುಂಬದ ಹುಡುಗಿಯ ಮದುವೆ ತಡೆಯಲು ಮೈಸೂರು ಸರ್ಕಾರ 1894ರಲ್ಲಿ ಕಾನೂನೇ ತರಬೇಕಾಯಿತು.

ಮೇಷ್ಟ್ರುಗಳಿಗೆ ನನ್ನದೂ ಒಂದು ಕೋರಿಕೆ. ಇದರ ಪಕ್ಕದಲ್ಲೇ ಲೇಖಕಿ ನಂಜನಗೂಡು ತಿರುಮಲಾಂಬಾ ಅವರನ್ನಿಟ್ಟು ಓದಿ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡ ಆಕೆ ‘ಸತಿಹಿತೈಷಿಣಿ’ ಗ್ರಂಥಮಾಲೆ ಕಟ್ಟಿದರು, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ‘ಸುಶೀಲೆ’ ಕಾದಂಬರಿಯಲ್ಲಿ ಎತ್ತಿಹಿಡಿದದ್ದು ಮಾತ್ರ ಪಾತಿವ್ರತ್ಯವನ್ನು. ವಿಧವೆಗೆ ಮದುವೆ ಮಾಡಿಸಿದ್ದು ಗಂಡಸು, ಪತಿವ್ರತೆಯನ್ನು ಹೊಗಳಿದ್ದು ವಿಧವೆ. ಇದನ್ನು ಹೇಳಿದಾಗ ತರಗತಿಯಲ್ಲಿ ಜಗಳವೇ ಆಗುತ್ತದೆ, ಗಂಟೆ ಹೊಡೆದರೂ ಯಾರೂ ಏಳುವುದಿಲ್ಲ.