ಕಾರ್ನಿವಲ್‌ಗೆ ಮೊದಲೇ ಹೊರಟವಳು

ಹಾಸ್ಟೆಲಿನ ಕೌಂಟರಿನಲ್ಲಿದ್ದ ಹುಡುಗ ನಾನು ಹೊರಡುವ ದಿನಾಂಕವನ್ನು ಬರೆದುಕೊಳ್ಳುತ್ತಾ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದ. 2024ರ ಫೆಬ್ರವರಿ 3, ಶನಿವಾರ. ಬ್ರೆಜಿಲ್ಲಿನ ಸಾಲ್ವಡೋರಿನಲ್ಲಿ ಆ ವರ್ಷದ ಕಾರ್ನಿವಲ್ ಎಂಬ ಬೀದಿಹಬ್ಬ ಫೆಬ್ರವರಿ 8ರ ಗುರುವಾರ ಆರಂಭವಾಗುವುದಿತ್ತು. ಮದುವೆಮನೆಗೆ ಬಂದು, ಚಪ್ಪರ ಹಾಕುವ ಕೆಲಸಕ್ಕೆಲ್ಲ ಕೈಗೂಡಿಸಿ, ಧಾರೆಗೆ ಮೊದಲೇ ಬಸ್ಸು ಹತ್ತುವ ನೆಂಟರನ್ನು ನೋಡುವ ನೋಟ ಅದು. ಟಿಕೆಟು ಮೂರು ತಿಂಗಳ ಹಿಂದೆಯೇ ಆಗಿದೆ, ರಜೆ ಮುಗಿದಿದೆ, ಕೈಯಲ್ಲಿದ್ದ ದುಡ್ಡೂ ಮುಗಿಯುತ್ತಾ ಬಂದಿದೆ ಎಂಬುದನ್ನೆಲ್ಲ ನನ್ನ ಅರೆಬರೆ ಪೋರ್ಚುಗೀಸಿನಲ್ಲಿ ವಿವರಿಸುವ ಉಸಾಬರಿಗೆ ಹೋಗದೆ, ನಕ್ಕು, ಲಾಕರಿನ 'ಶಾವಿ' ಇಸಿದುಕೊಂಡೆ. ಅವರ ಶಾವಿಯೇ ನಮ್ಮ ಚಾವಿ. ನಮ್ಮ ಕರಾವಳಿಯ ಬಾಲ್ದಿ, ಬಟಾಟೆ, ಅಲಮಾರುಗಳೂ ಪೋರ್ಚುಗೀಸರ ಹಡಗಿನಲ್ಲೇ ಬಂದಿಳಿದ ಮಾತುಗಳು. ಭಾಷೆ ಬಾರದ ಊರಿನಲ್ಲಿ ಒಂಟಿಯಾಗಿ ತಿರುಗುವವಳಿಗೆ ಇಂತಹ ನಾಲ್ಕು ಮಾತು ಸಿಕ್ಕರೂ ದೊಡ್ಡ ಆಸರೆಯೇ.

ಬೆನ್ನಿಗೊಂದು ಚೀಲ ಹಾಕಿಕೊಂಡು ರಿಯೊದಿಂದ ಹೊರಟವಳು, ಔರೊ ಪ್ರೆಟೊದ ಗುಡ್ಡಗಳನ್ನು ಹತ್ತಿಳಿದು, ಬಸ್ಸುಗಳಲ್ಲಿ ಉತ್ತರಕ್ಕೆ ಸಾಗಿ ಸಾಲ್ವಡೋರ್ ತಲುಪಿದ್ದೆ. ನೋಡಲೇಬೇಕಾದವುಗಳ ಪಟ್ಟಿಯನ್ನು ಮೊದಲ ವಾರವೇ ಶ್ರದ್ಧೆಯಿಂದ ಮುಗಿಸಿದ್ದೆ. ಊರು ಎರಡು ಅಂತಸ್ತಿನದು: ಕೊಲ್ಲಿಯ ಅಂಚಿನಲ್ಲಿ ಬಂದರು, ಮಾರುಕಟ್ಟೆಗಳ ಕೆಳಪೇಟೆ, ಅದರ ಬೆನ್ನಿಗೇ ಎದ್ದು ನಿಂತ ಕಡಿದಾದ ದಿಣ್ಣೆಯ ಮೇಲೆ ಚರ್ಚುಗಳ, ಬಣ್ಣಬಣ್ಣದ ಮನೆಗಳ ಮೇಲ್ಪೇಟೆ. ಎರಡನ್ನೂ ಜೋಡಿಸುವುದು 1873ರಲ್ಲಿ ಆರಂಭವಾದ, 72 ಮೀಟರ್ ಎತ್ತರದ ಲಸೆರ್ಡಾ ಲಿಫ್ಟು. ನಮ್ಮಲ್ಲಿ ಸಿಟಿ ಬಸ್ಸು ಹತ್ತುವಷ್ಟೇ ಸಲೀಸಾಗಿ ಅಲ್ಲಿಯ ಜನ ಅದನ್ನು ಹತ್ತಿಳಿಯುತ್ತಾರೆ. 1549ರಿಂದ 1763ರವರೆಗೆ ಬ್ರೆಜಿಲ್ಲಿನ ರಾಜಧಾನಿಯಾಗಿದ್ದ ಊರು ಇದು. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳಲು ಮುಗಿಬೀಳುವ ಪೆಲೊರಿನ್ಯೊ ಚೌಕದ ಹೆಸರಿನ ಅರ್ಥ, ಆಫ್ರಿಕಾದಿಂದ ತಂದ ಗುಲಾಮರನ್ನು ಕಟ್ಟಿ ಚಾವಟಿಯಿಂದ ಹೊಡೆಯುತ್ತಿದ್ದ ಕಂಬ. ಈ ಅರ್ಥ ತಿಳಿದ ಮೇಲೆ ಅಲ್ಲಿಯ ಗೋಡೆಗಳ ಗುಲಾಬಿ, ಹಳದಿ, ನೀಲಿ ಬಣ್ಣಗಳನ್ನು ನನಗೆ ಮೊದಲಿನಂತೆ ನೋಡಲಾಗಲಿಲ್ಲ.

ಉಳಿದಿದ್ದ ಐದು ದಿನಗಳಲ್ಲಿ ಹೊಸದೇನನ್ನೂ ನೋಡಬಾರದೆಂದು ನಿಶ್ಚಯಿಸಿದೆ. ಇದು ವೈರಾಗ್ಯವಲ್ಲ, ಕಾಲುಗಳ ತೀರ್ಮಾನ. ಬೆಳಗ್ಗೆ ಎದ್ದರೆ ಪೋರ್ಟೊ ದ ಬಾರಾ ಕಡಲತೀರ, ಮಧ್ಯಾಹ್ನ ಹಾಸ್ಟೆಲಿನ ಜೋಲಿ, ಸಂಜೆ ಮತ್ತೆ ಅದೇ ತೀರ. ಎರಡು ಪುಟ್ಟ ಕೋಟೆಗಳ ನಡುವೆ ಅರ್ಧಚಂದ್ರದಂತೆ ಬಾಗಿರುವ ಈ ಮರಳಿನ ಪಟ್ಟಿ ತೆರೆದ ಸಾಗರಕ್ಕಲ್ಲ, ಕೊಲ್ಲಿಗೆ ಮುಖಮಾಡಿದೆ. ಆದ್ದರಿಂದಲೇ ನೀರು ಕೆರೆಯಷ್ಟು ಸಾಧು. ಬ್ರೆಜಿಲ್ಲಿನ ಕರಾವಳಿಯ ಬಹುಭಾಗದಲ್ಲಿ ಸೂರ್ಯ ಹುಟ್ಟುವುದು ಕಡಲಿನಲ್ಲಿ, ಮುಳುಗುವುದು ನೆಲದ ಕಡೆಗೆ. ಇಲ್ಲಿ ಮಾತ್ರ ಊರು ಕೊಲ್ಲಿಗೆ ಚಾಚಿಕೊಂಡಿರುವ ರೀತಿಯಿಂದಾಗಿ ಸೂರ್ಯ ನೀರಿಗೇ ಇಳಿಯುತ್ತಾನೆ. ಉಡುಪಿ ಕಡೆಯವಳಾದ ನನಗೆ ಸೂರ್ಯ ಕಡಲಿಗೆ ಇಳಿಯದ ಊರುಗಳಲ್ಲಿ ದಿನ ಮುಗಿಯಿತೆಂದು ಅನ್ನಿಸುವುದೇ ಇಲ್ಲ. ಆ ತೀರ ಅಷ್ಟು ಬೇಗ ಹಿಡಿಸಿದ್ದಕ್ಕೆ ಇದೂ ಒಂದು ಕಾರಣವಿರಬೇಕು. ಬಿಂಬದ ಕೊನೆಯ ಅಂಚು ಮುಳುಗುತ್ತಿದ್ದ ಹಾಗೆ ಮರಳಿನಲ್ಲಿ ಕುಳಿತ ಜನ ಚಪ್ಪಾಳೆ ತಟ್ಟುತ್ತಿದ್ದರು. ಮೊದಲ ದಿನ ನನಗೆ ನಗು ಬಂತು. ಮೂರನೆಯ ದಿನ ನಾನೂ ತಟ್ಟಿದೆ.

ಆ ತೀರದಲ್ಲಿ ಒಂದು ಗಳಿಗೆಯೂ ಸುಮ್ಮನಿರಲು ಬಿಡುವುದಿಲ್ಲ. ಕುರ್ಚಿ ಬಾಡಿಗೆಯವರು, ಎಳನೀರಿನವರು, ತಲೆಯ ಮೇಲೆ ಹತ್ತು ಟೋಪಿ ಪೇರಿಸಿಕೊಂಡ ಟೋಪಿ ವ್ಯಾಪಾರಿಗಳು, ಒಂದು ಛತ್ರಿಯದು ಪಕ್ಕದ ಛತ್ರಿಯದರ ಜೊತೆ ಪೈಪೋಟಿಗಿಳಿದ ಸ್ಪೀಕರುಗಳು. ನನ್ನ ಕಣ್ಣು ಮಾತ್ರ ಚೀಸ್ ಹುಡುಗನ ಮೇಲೆ. ತಗಡಿನ ಡಬ್ಬಿಯಲ್ಲಿ ಕೆಂಡ ತುಂಬಿ, ಅದಕ್ಕೆ ತಂತಿಯ ಹಿಡಿಕೆ ಕಟ್ಟಿ, ಧೂಪಾರತಿ ಬೀಸುವಂತೆ ಬೀಸುತ್ತಾ ಬರುತ್ತಾನೆ. ಬೀಸಿದಷ್ಟೂ ಕೆಂಡ ಕೆಂಪಾಗಬೇಕಲ್ಲ. ಕರೆದರೆ ಮರಳಿನಲ್ಲಿ ಮಂಡಿಯೂರಿ, ಕಡ್ಡಿಗೆ ಚುಚ್ಚಿದ ಗಟ್ಟಿ ಚೀಸಿನ ತುಂಡನ್ನು ಕೆಂಡದ ಮೇಲೆ ತಿರುಗಿಸಿ ತಿರುಗಿಸಿ ನಾಲ್ಕೂ ಮೈ ಕಂದಿಸಿ, ಒರೆಗಾನೊ ಉದುರಿಸಿ ಕೊಡುತ್ತಾನೆ. ಹೊರಗೆ ಗರಿ, ಒಳಗೆ ಹಲ್ಲಿಗೆ ಕಿರ್ ಎನ್ನುವ ಚೀಸು. ಬೇಕೆಂದರೆ ಮೇಲೊಂದಿಷ್ಟು ಕಾಕಂಬಿ ಸುರಿಯುತ್ತಾನೆ. ನಾನು ಪ್ರತಿ ಸಲವೂ ಬೇಕೆಂದೆ.

ಸಂಜೆಯ ಊಟ ಐದೂ ದಿನ ಒಬ್ಬರ ಬಳಿಯೇ. ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ ಬಿಳಿಯ ಅಗಲವಾದ ಲಂಗ, ಬಿಳಿಯ ರುಮಾಲು, ಕೊರಳ ತುಂಬ ಮಣಿಸರ ಧರಿಸಿ ಅಕರಜೆ ಎಂಬ ವಡೆ ಮಾರುವ ಹೆಂಗಸು ಅವರು. ಇಂಥವರನ್ನು ಅಲ್ಲಿ 'ಬಯಾನ' ಎನ್ನುತ್ತಾರೆ. ಅಕರಜೆಯ ಮೂಲವಸ್ತು ನಮ್ಮ ಅಲಸಂಡೆ. ಕಾಳನ್ನು ನೆನೆಸಿ, ಉಜ್ಜಿ ಸಿಪ್ಪೆ ತೆಗೆದು, ರುಬ್ಬಿ, ಈರುಳ್ಳಿ ಉಪ್ಪು ಬೆರೆಸಿದ ಹಿಟ್ಟನ್ನು ಅವರು ಮರದ ಸೌಟಿನಿಂದ ಬಡಿಯುವುದನ್ನು ನೋಡುತ್ತಾ ನಿಲ್ಲುವುದೇ ನನ್ನ ಸಂಜೆಯ ಮನರಂಜನೆಯಾಗಿತ್ತು. ಉದ್ದಿನವಡೆಯ ಹಿಟ್ಟು ಬೀಸಿದವರಿಗೆ ಆ ಬಡಿತದ ಗುಟ್ಟು ಗೊತ್ತು: ಹಿಟ್ಟಿನೊಳಗೆ ಗಾಳಿ ಸೇರಬೇಕು, ಬಣ್ಣ ಬಿಳಿಚಿಕೊಳ್ಳಬೇಕು, ಇಲ್ಲದಿದ್ದರೆ ಎಣ್ಣೆಗೆ ಬಿದ್ದದ್ದು ಕಲ್ಲಾಗುತ್ತದೆ. ಎಣ್ಣೆ ಮಾತ್ರ ಬೇರೆ. ದೆಂದೆ ಎಂಬ ಕೆಂಪು ತಾಳೆ ಎಣ್ಣೆ, ಅದರ ನಡುವೆ ತೇಲುವ ಒಂದು ಇಡೀ ಈರುಳ್ಳಿ. ಬೆಂದ ವಡೆಯನ್ನು ನಡುವೆ ಸೀಳಿ, ಬ್ರೆಡ್ಡು, ತೆಂಗಿನಹಾಲು, ಒಣಸಿಗಡಿ, ಗೋಡಂಬಿ ಸೇರಿಸಿ ಮಾಡಿದ ವತಪಾ ಎಂಬ ಗೊಜ್ಜನ್ನೂ ಬೆಂಡೆಕಾಯಿಯ ಕರುರುವನ್ನೂ ತುಂಬಿ, ಮೇಲೆ ಸಿಗಡಿ ಇಡುತ್ತಾರೆ.

ಮೊದಲ ದಿನವೇ ನನಗೊಂದು ಪಾಠವಾಯಿತು. "ಕೆಂಚಿ?" ಎಂದು ಅವರು ಕೇಳಿದರು. ಆ ಪದಕ್ಕೆ 'ಬಿಸಿ' ಎಂಬ ಅರ್ಥ ನನಗೆ ಗೊತ್ತಿತ್ತು. ತಣ್ಣಗಿನದನ್ನು ಯಾರು ತಿನ್ನುತ್ತಾರೆ ಎಂದುಕೊಂಡು "ತುಂಬಾ ಬಿಸಿ ಇರಲಿ" ಎಂದೆ. ಅಕರಜೆಯ ಮುಂದೆ ನಿಂತು ಬಿಸಿ ಎಂದರೆ ಖಾರ ಎಂದು ಅರ್ಥ. ಮೆಣಸಿನ ಗೊಜ್ಜನ್ನು ಅವರು ಧಾರಾಳವಾಗಿಯೇ ಸವರಿದರು. ನಾನೂ ಕರಾವಳಿಯ ಖಾರ ತಿಂದು ಬೆಳೆದವಳು, ಕಣ್ಣೀರು ಇಳಿದರೂ ಮುಗಿಸಿಯೇ ಎದ್ದೆ. ಮರುದಿನದಿಂದ ನನ್ನನ್ನು ಕಂಡರೆ ಅವರು ಏನೂ ಕೇಳದೆ ನಗುತ್ತಾ ಗೊಜ್ಜಿನ ಬಟ್ಟಲು ಎತ್ತುತ್ತಿದ್ದರು, "ಮಿನ್ಯಾ ಫಿಲ್ಯಾ" ಎನ್ನುತ್ತಿದ್ದರು. ಮಗಳೇ ಎಂದು.

ನೈಜೀರಿಯಾದ ಯೊರುಬಾ ಜನ ಈ ವಡೆಯನ್ನು ಇಂದಿಗೂ ಅಕಾರಾ ಎನ್ನುತ್ತಾರೆ. ಅವರ ಭಾಷೆಯಲ್ಲಿ 'ಜೆ' ಎಂದರೆ ತಿನ್ನು. ಗುಲಾಮಗಿರಿಯ ಕಾಲದಲ್ಲಿ ಬೀದಿಯಲ್ಲಿ ತಿಂಡಿ ಮಾರಿ ಕಾಸು ಕೂಡಿಸಿ ತಮ್ಮ ಬಿಡುಗಡೆಯನ್ನು ತಾವೇ ಕೊಂಡುಕೊಂಡ ಹೆಂಗಸರು ಇದೇ ಊರಿನಲ್ಲಿದ್ದರು. ಬ್ರೆಜಿಲ್ ಗುಲಾಮಗಿರಿಯನ್ನು ರದ್ದುಪಡಿಸಿದ್ದು 1888ರಲ್ಲಿ. ಬಯಾನರ ಈ ಕಸುಬನ್ನು ಆ ದೇಶ ತನ್ನ ಸಾಂಸ್ಕೃತಿಕ ಪರಂಪರೆಯೆಂದು ದಾಖಲಿಸಿಕೊಂಡದ್ದು 2005ರಲ್ಲಿ.

ಫೆಬ್ರವರಿ 2, ನನ್ನ ಕೊನೆಯ ಪೂರ್ಣ ದಿನ, ಕಡಲಿನ ದೇವತೆ ಇಯೆಮಾಂಜಾಳ ಹಬ್ಬವೂ ಹೌದು. ಹೊಸದೇನನ್ನೂ ನೋಡಬಾರದೆಂಬ ನನ್ನ ನಿಶ್ಚಯ ಅಲ್ಲಿಗೆ ಮುರಿಯಿತು. ನಸುಕಿನಲ್ಲಿಯೇ ಪಟಾಕಿ ಕೇಳಿ ಎಚ್ಚರವಾಯಿತು. ಬಿಳಿಯ ಅಂಗಿ ತೊಟ್ಟು, ಒಂದು ಕಟ್ಟು ಬಿಳಿ ಹೂ ಕೊಂಡು ರಿಯೊ ವೆರ್ಮೆಲ್ಯೊ ಎಂಬ ಮೀನುಗಾರರ ಕೇರಿಗೆ ಹೋದೆ. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಬಲೆಗೆ ಮೀನು ಬೀಳದಾದಾಗ ಅಲ್ಲಿಯ ಮೀನುಗಾರರು ಆರಂಭಿಸಿದ ಹರಕೆ ಇದು ಎನ್ನುತ್ತಾರೆ. ಈಗ ಇಡೀ ಊರಿನದು. ಸಾಲು ಮರಳನ್ನು ದಾಟಿ, ರಸ್ತೆಗೆ ಹತ್ತಿ, ತಿರುವಿನಾಚೆಗೂ ಬೆಳೆದಿತ್ತು. ಒಬ್ಬೊಬ್ಬರ ಕೈಯಲ್ಲೂ ಹೂವು, ಕನ್ನಡಿ, ಬಾಚಣಿಗೆ, ಲ್ಯಾವೆಂಡರ್ ಅತ್ತರು, ಕಡಲಮ್ಮ ಅಲಂಕಾರಪ್ರಿಯೆಯಂತೆ. ಬಾಟಲಿ, ಪ್ಲಾಸ್ಟಿಕ್ಕುಗಳನ್ನು ನೀರಿಗೆ ಹಾಕಬೇಡಿ ಎಂಬ ಪ್ರಚಾರವೂ ಇರುವುದರಿಂದ, ನನ್ನ ಮುಂದಿದ್ದ ಅಜ್ಜಿಯೊಬ್ಬರು ಅತ್ತರನ್ನೆಲ್ಲ ಹೂವಿನ ಮೇಲೆ ಸುರಿದು ಖಾಲಿ ಸೀಸೆಯನ್ನು ಸೊಂಟದ ಚೀಲಕ್ಕೆ ಸೇರಿಸಿದರು.

ಎರಡು ಗಂಟೆ ನಿಂತ ಮೇಲೆ ನನ್ನ ಹೂವೂ ಒಂದು ಬೆತ್ತದ ಬುಟ್ಟಿ ಸೇರಿತು. ಸಂಜೆ ನಾಲ್ಕರ ಸುಮಾರಿಗೆ ಮೀನುಗಾರರು ಆ ಬುಟ್ಟಿಗಳನ್ನು ಹೆಗಲ ಮೇಲೆ ಹೊತ್ತು ದೋಣಿಗಳಿಗೆ ಏರಿಸಿದರು. ಅರ್ಪಿಸಿದ್ದು ತೆರೆಯ ಜೊತೆ ದಡಕ್ಕೆ ಮರಳಿ ಬಂದರೆ ದೇವಿ ಒಪ್ಪಲಿಲ್ಲವೆಂದು ಲೆಕ್ಕ. ನೂಲ ಹುಣ್ಣಿಮೆಗೆ ಮಲ್ಪೆಯಲ್ಲಿ ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಡುವುದನ್ನು ಕಂಡು ಬೆಳೆದ ನನಗೆ ಈ ನಂಬಿಕೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ, ಇದು ನಮ್ಮದರ ಹಾಗೆಯೇ, ಅದು ನಮ್ಮದರ ಹಾಗೆಯೇ ಎಂದು ಮೂರು ತಿಂಗಳಿನಿಂದ ಎಲ್ಲವನ್ನೂ ಊರಿನ ತಕ್ಕಡಿಯಲ್ಲಿ ತೂಗುತ್ತಾ ಬಂದ ಚಾಳಿಗೆ ಪೆಟ್ಟು ಬಿದ್ದದ್ದೂ ಅಂದೇ.

ರಸ್ತೆಯ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಿಳಿಯ ನಿಲುವಂಗಿಯ ಮುದುಕರೊಬ್ಬರು ಅಲ್ಲಾಡದೆ ಕುಳಿತಿದ್ದರು. ಅವರ ತಲೆಗೆ ಒಂದು ದಪ್ಪ ಬಿಳಿ ಬೈರಾಸನ್ನು ಸುತ್ತಿ, ದೊಡ್ಡ ಸೂಜಿಯಿಂದ ಅದನ್ನು ತಲೆಯ ಮೇಲೆಯೇ ಹೊಲಿಯುತ್ತಿದ್ದ ಹೆಂಗಸು ದಾರವನ್ನು ಹಲ್ಲಿನಿಂದ ಕಡಿದು, ಹಣೆಯ ನೇರಕ್ಕೆ ನೀಲಿ ಕಲ್ಲಿನ ಪದಕವೊಂದನ್ನು ಸಿಕ್ಕಿಸಿದಳು. ಅವರ ಕೊರಳಲ್ಲಿ ನೀಲಿ, ಬಿಳಿ ಮಣಿಗಳ ಸರಗಳು. ಎದೆಯ ಮೇಲೆ ಗಾಂಧಿಯ ಚಿತ್ರ. ಕನ್ನಡಕ, ಬೋಳುತಲೆ, ನಮ್ಮ ನೋಟಿನಲ್ಲಿರುವ ಅದೇ ನಗು.

'ಫಿಲ್ಯೊಸ್ ಡಿ ಗಾಂಧಿ', ಅಂದರೆ ಗಾಂಧಿಯ ಮಕ್ಕಳು ಎಂಬ ಮೇಳ ಸಾಲ್ವಡೋರಿನಲ್ಲಿದೆಯೆಂದು ಓದಿದ್ದೆ. ಕಣ್ಣೆದುರು ಕಂಡಾಗ ಮೊದಲು ಬಂದದ್ದು ನಗು, ಬೆನ್ನಿಗೇ ಸ್ವಲ್ಪ ಕಸಿವಿಸಿ: ರುಮಾಲು, ಅತ್ತರು, ನಗಾರಿ, ಇದೆಲ್ಲಿಯ ಗಾಂಧಿ? 1948ರ ಜನವರಿಯಲ್ಲಿ ಗಾಂಧಿಯ ಹತ್ಯೆಯಾಯಿತು. 1949ರ ಕಾರ್ನಿವಲ್‌ನಲ್ಲಿ ಇಲ್ಲಿಯ ಬಂದರಿನ ಹಮಾಲಿಗಳು ಆ ಹೆಸರಿನಲ್ಲಿ ಮೇಳ ಕಟ್ಟಿದರು. ಮೊದಲ ವರ್ಷ ಅವರು ಉಟ್ಟದ್ದು ಹಾಸಿಗೆಯ ಮೇಲಿನ ಬಿಳಿ ಚಾದರಗಳನ್ನು. ಅವರು ಹಾಡಿದ್ದು ಯೊರುಬಾ ಭಾಷೆಯ ದೇವರ ಪದಗಳನ್ನು, ಬಾರಿಸಿದ್ದು ಆಫ್ರಿಕಾದ ಗುಲಾಮರ ಜೊತೆ ಬಂದ ದೇವರುಗಳನ್ನು ಪೂಜಿಸುವ ಕಾಂದೊಂಬ್ಲೆ ಪಂಥದ ಗುಡಿಗಳ ಇಜೆಶಾ ತಾಳವನ್ನು. ಆ ಗುಡಿಗಳು ಪೂಜೆ ನಡೆಸಬೇಕಾದರೆ ಪೊಲೀಸರಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ 1976ರವರೆಗೂ ಇತ್ತು ಎಂಬುದನ್ನು ನೆನೆದರೆ, ಕಪ್ಪು ಕೂಲಿಗಳ ಗುಂಪೊಂದು ನಡುಬೀದಿಯಲ್ಲಿ ತನ್ನ ದೇವರನ್ನು ಹಾಡುತ್ತಾ ಸಾಗಲು ಬೇಕಿದ್ದ ಧೈರ್ಯ ಎಷ್ಟೆಂಬುದು ಹೊಳೆಯುತ್ತದೆ. ಶಾಂತಿಯ ಹೆಸರೊಂದನ್ನು ಮುಂದಿಟ್ಟುಕೊಂಡು ನಡೆದವರು ಅವರು. ಎಪ್ಪತ್ತರ ದಶಕದಲ್ಲಿ ಸೊರಗಿದ್ದ ಮೇಳಕ್ಕೆ, ಮುಂದೆ ಬ್ರೆಜಿಲ್ಲಿನ ಸಂಸ್ಕೃತಿ ಸಚಿವರಾದ ಗಾಯಕ ಜಿಲ್ಬೆರ್ಟೊ ಜಿಲ್ ಸೇರಿಕೊಂಡು ಮರುಜೀವ ತುಂಬಿದರು. ಈಗ ಸಾವಿರಾರು ಜನ ನಡೆಯುತ್ತಾರೆ. ಮಕ್ಕಳೆಂದರೆ ಗಂಡುಮಕ್ಕಳು ಮಾತ್ರ ಎಂಬುದನ್ನು ಇಲ್ಲಿ ಸೇರಿಸದಿದ್ದರೆ ನನಗೆ ಸಮಾಧಾನವಿಲ್ಲ. ಹೆಣ್ಣುಮಕ್ಕಳು 1979ರಲ್ಲಿ ತಮ್ಮದೇ ಬೇರೆ ಮೇಳ ಕಟ್ಟಿಕೊಳ್ಳಬೇಕಾಯಿತು.

"ಇಂಡಿಯಾ" ಎಂದು ನನ್ನ ಎದೆ ಮುಟ್ಟಿ ತೋರಿಸಿದೆ. ಮುದುಕರು ರುಮಾಲು ಕದಲದಂತೆ ಕಣ್ಣನ್ನಷ್ಟೇ ನನ್ನತ್ತ ತಿರುಗಿಸಿದರು. ಅಪ್ಪಿಕೊಳ್ಳುತ್ತಾರೆ, ಫೋಟೊ ಕೇಳುತ್ತಾರೆ, ಗಾಂಧಿಯ ನಾಡಿನವಳೆಂದು ಏನೋ ವಿಶೇಷ ನಡೆಯುತ್ತದೆ ಎಂದು ನಾನು ಒಳಗೊಳಗೇ ಎಣಿಸಿದ್ದೆನೆಂದು ಈಗ ಒಪ್ಪಿಕೊಳ್ಳುತ್ತೇನೆ. ಅವರು ಜೇಬಿನಿಂದ ಅತ್ತರಿನ ಸೀಸೆ ತೆಗೆದು, ಹಾದುಹೋಗುವ ಎಲ್ಲರಿಗೂ ಚಿಮುಕಿಸಿದ ಹಾಗೆಯೇ ನನ್ನ ಅಂಗೈಗೂ ಎರಡು ಹನಿ ಚಿಮುಕಿಸಿ, "ಅಶೆ" ಎಂದು ಹರಸಿ, ಮುಂದಿನವರ ಕಡೆಗೆ ತಿರುಗಿದರು. ಅವರ ಗಾಂಧಿಗೆ ನನ್ನ ಗುರುತುಚೀಟಿಯ ಅಗತ್ಯವಿರಲಿಲ್ಲ.

ಆ ರಾತ್ರಿ ದೀಪಸ್ತಂಭದ ದಾರಿಯಲ್ಲಿ ನನ್ನ ಬಯಾನ ಅಂಗಡಿ ಮುಚ್ಚುವ ಹೊತ್ತಿಗೆ ತಲುಪಿದೆ. ನಾಳೆ ಹೊರಡುತ್ತೇನೆ ಎಂದಾಗ ಅವರೂ ಹಾಸ್ಟೆಲಿನ ಹುಡುಗನ ಹಾಗೆಯೇ ಬಾಯಿಬಿಟ್ಟರು. ಕಾರ್ನಿವಲ್? ಆಮೇಲೆ ನಿಟ್ಟುಸಿರು ಬಿಟ್ಟು, ಬಾಳೆಲೆಯಲ್ಲಿ ಕಟ್ಟಿದ ಎರಡು ಅಬರಾ ತೆಗೆದು ಕೈಗಿತ್ತರು. ಅದೇ ಅಲಸಂಡೆ ಹಿಟ್ಟನ್ನು ದೆಂದೆ ಬೆರೆಸಿ, ಎಲೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸಿದ ತಿಂಡಿ. ದುಡ್ಡು ತೆಗೆದುಕೊಳ್ಳಲಿಲ್ಲ. ದಾರಿಗೆ ಎಂದರು. ಗೊಜ್ಜು ಹಾಕಿಲ್ಲ, ವಿಮಾನದಲ್ಲಿ ಅಳಬಾರದು ಎಂದು ಕಣ್ಣು ಮಿಟುಕಿಸಿದರು.

ಸಾಲ್ವಡೋರಿನ ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆಯ ಎರಡೂ ಬದಿಯ ಬಿದಿರುಮೆಳೆಗಳು ಮೇಲೆ ಕೂಡಿಕೊಂಡು ಹಸಿರು ಸುರಂಗವಾಗಿವೆ. ಬರುವಾಗ ರಾತ್ರಿ ಬಸ್ಸಿನಲ್ಲಿ ಬಂದವಳಾದ್ದರಿಂದ ಅದನ್ನು ನೋಡಿದ್ದು ಅದೇ ಮೊದಲು. ಲಿಸ್ಬನ್ ವಿಮಾನಕ್ಕೆ ಇನ್ನೂ ಎರಡು ಗಂಟೆಯಿತ್ತು. ಗೇಟಿನೆದುರಿನ ಕುರ್ಚಿಯಲ್ಲಿ ಕುಳಿತು, ತೊಡೆಯ ಮೇಲೆ ಪತ್ರಿಕೆ ಹಾಸಿ ಎಲೆ ಬಿಚ್ಚಿದೆ. ಒಣಸಿಗಡಿ, ತಾಳೆ ಎಣ್ಣೆಯ ವಾಸನೆಗೆ ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಎರಡನ್ನೂ ಕೈಯಲ್ಲೇ ಮುರಿದು ತಿಂದೆ. ಬೆರಳಿನ ಕಿತ್ತಳೆ ಬಣ್ಣ ಸಾಬೂನಿಗೆ ಪೂರ್ತಿ ಹೋಗಲಿಲ್ಲ. ಉಗುರಿನ ಸಂದಿಯಲ್ಲಿ ಉಳಿದದ್ದು ಬೆಂಗಳೂರಿನ ತನಕ ಜೊತೆಗೆ ಬಂತು.