ಸ್ಲೈಡ್ ಎರಡು ಮಿಲಿಮೀಟರ್ ಹಿಂದೆಯೇ ನಿಂತರೆ

ಶನಿವಾರ

ಕೇಸ್‌ಗೆ (ತೋಟಾದ ಲೋಹದ ಕೊಳವೆ) ಮದ್ದು, ಬುಲೆಟ್ ಹಾಕಿ ನಾನೇ ತುಂಬಿದ 9 ಎಂಎಂ ಪಿಸ್ತೂಲ್ ತೋಟಾ ಐವತ್ತು ಹೊಡೆದೆ. ಏಳು ಸಲ ಸ್ಲೈಡ್ (ಪಿಸ್ತೂಲಿನ ಹಿಂದೆ ಮುಂದೆ ಸರಿಯುವ ಮೇಲ್ಭಾಗ) ಪೂರ್ತಿ ಮುಂದೆ ಬರಲಿಲ್ಲ, ಎರಡು ಮಿಲಿಮೀಟರ್ ಹಿಂದೆಯೇ ನಿಂತುಬಿಟ್ಟಿತು. ಹೆಬ್ಬೆರಳಲ್ಲಿ ಒತ್ತಿಬಿಡೋಣ ಅನ್ನಿಸುತ್ತದೆ. ಒತ್ತಬಾರದು, ತೆಗೆದು ನೋಡಬೇಕು.

ಮೊದಲು ಬೈದದ್ದು ಮ್ಯಾಗಜಿನ್ ಸ್ಪ್ರಿಂಗನ್ನು. ಅದೇ ಮ್ಯಾಗಜಿನ್‌ನಲ್ಲಿ ಫ್ಯಾಕ್ಟರಿ ತೋಟಾ ಮೂವತ್ತು ಹಾಕಿದೆ, ಒಂದೂ ತಡೆಯಲಿಲ್ಲ. ಸರಿ, ತಪ್ಪು ನನ್ನದೇ.

ಭಾನುವಾರ

ಹಳೆಯ ಬ್ಯಾಚಿಗೂ ಇದಕ್ಕೂ ಒಂದೇ ವ್ಯತ್ಯಾಸ, ಬುಲೆಟ್. ಆಗ ದುಂಡು ಮೂತಿಯದ್ದು, ಈಗ ಕೋಟಿಂಗ್ ಇರುವ ಚಪ್ಪಟೆ ಮೂತಿಯ ಸೀಸದ್ದು. ಬುಲೆಟ್ಟನ್ನು ಕೇಸ್‌ನಲ್ಲಿ ಕೂರಿಸುವ ಸೀಟಿಂಗ್ ಡೈ ಮುಟ್ಟಿರಲಿಲ್ಲ, ತೋಟಾದ ಒಟ್ಟು ಉದ್ದ ಹಳೆಯ 28.6 ಮಿಮೀ. ಗರಿಷ್ಠ 29.69 ಇದೆಯಲ್ಲ, ಇನ್ನೂ ಒಂದು ಮಿಮೀ ಮೇಲೆ ಜಾಗ ಇದೆ ಅಂತ ಸುಮ್ನೆ ಇದ್ದೆ. ಆದರೆ ಚಪ್ಪಟೆ ಮೂತಿಯ ಬುಲೆಟ್‌ಗೆ ಭುಜ ಇರುತ್ತದೆ. ಉದ್ದ ಅಷ್ಟೇ ಇದ್ದರೂ ಅದರ ದಪ್ಪ ಭಾಗ ಮುಂದಕ್ಕೆ ಚಾಚಿಕೊಂಡಿರುತ್ತದೆ.

ಪಿಸ್ತೂಲ್ ಖಾಲಿ ಮಾಡಿ ಬ್ಯಾರಲ್ ಬಿಚ್ಚಿದೆ. ಮದ್ದೂ ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರೂ ಇಲ್ಲದ ಒಂದು ಡಮ್ಮಿ ಮಾಡಿ, ಕಪ್ಪು ಮಾರ್ಕರ್‌ನಿಂದ ಪೂರ್ತಿ ಬಳಿದೆ. ಚೇಂಬರ್‌ಗೆ (ಬ್ಯಾರಲ್‌ನಲ್ಲಿ ತೋಟಾ ಕೂರುವ ಜಾಗ) ಬಿಟ್ಟರೆ ಟಣ್ ಅನ್ನಬೇಕು. ಇದು ಮೆತ್ತಗೆ ಕೂತು ಅಂಟಿಕೊಂಡಿತು. ಬೆರಳಲ್ಲಿ ತಿರುಗಿಸಿ ಹೊರಗೆಳೆದೆ. ಭುಜದ ಮೇಲೆ ಸಮಾನ ಅಂತರದಲ್ಲಿ ಸಣ್ಣ ಸಣ್ಣ ಗೀರುಗಳು, ಮಸಿ ಕಿತ್ತು ಕೋಟಿಂಗ್ ಕಾಣುತ್ತಿತ್ತು. ಬ್ಯಾರಲ್ ಒಳಗಿನ ಸುರುಳಿ ಕೊರೆತ, ಅಂದರೆ ರೈಫ್ಲಿಂಗ್‌ನ ಹಲ್ಲುಗಳ ಗುರುತು ಅದು.

ಸ್ವಲ್ಪ ಸ್ವಲ್ಪವೇ ಒಳಗೆ ಕೂರಿಸುತ್ತಾ ಹೋದೆ. 27.4ಕ್ಕೆ ಗೀರು ಮಾಯ, ತೋಟಾ ಸಲೀಸಾಗಿ ತಿರುಗಿತು. 27.2ಕ್ಕೆ ನಿಲ್ಲಿಸಿದೆ. ಬುಲೆಟ್ ಒಳಗೆ ಹೋದಷ್ಟೂ ಕೇಸ್‌ನಲ್ಲಿ ಜಾಗ ಕಡಿಮೆ, ಒತ್ತಡ ಜಾಸ್ತಿ. ಹಾಗಾಗಿ ಹಳೆಯ ಮದ್ದಿನ ಅಳತೆ ಬಿಟ್ಟು, ಕೈಪಿಡಿಯಲ್ಲಿ ಈ ಬುಲೆಟ್‌ಗೆ ಕೊಟ್ಟ ಆರಂಭದ ಅಳತೆಗೆ ವಾಪಸ್. ಉಳಿದ ತೋಟಾಗಳನ್ನೆಲ್ಲ ಬಿಚ್ಚಿದೆ. ಬುಲೆಟ್ ಕಿತ್ತು ತೆಗೆಯುವ ಸುತ್ತಿಗೆ ಪುಲ್ಲರ್ ಕುಟ್ಟಿ ಕುಟ್ಟಿ ಕೈ ಸೋತಿತು.

ಬುಧವಾರ

ಹೊಸ ಡಮ್ಮಿ ಹತ್ತರಲ್ಲಿ ಎರಡು ಮತ್ತೆ ಸಿಕ್ಕಿಕೊಂಡವು! ಈ ಸಲ ಮಸಿ ಹೋಗಿದ್ದು ಕೇಸ್‌ನ ಬಾಯಲ್ಲಿ. ಕ್ಯಾಲಿಪರ್ ಅದರ ದಪ್ಪ 9.70 ಮಿಮೀ ತೋರಿಸಿತು, ಮಿತಿ 9.65. ಬುಲೆಟ್ ಕೂರಿಸಲು ಅರಳಿಸಿದ ಬಾಯಿ ಪೂರ್ತಿ ಮುಚ್ಚಿಯೇ ಇಲ್ಲ. ಉದ್ದದ ಸಮಸ್ಯೆಯ ಹಿಂದೆ ಇದು ಅಡಗಿತ್ತು.

ಅರಳಿದ ಬಾಯನ್ನು ಒತ್ತಿ ಮುಚ್ಚುವ ಟೇಪರ್ ಕ್ರಿಂಪ್ ಡೈಯನ್ನು ಒಂದೇ ಏಟಿಗೆ ಕಾಲು ಸುತ್ತು ಇಳಿಸಿದೆ. ಅತಿಯಾಯಿತು. ಬಿಚ್ಚಿ ನೋಡಿದರೆ ಬುಲೆಟ್ ಸುತ್ತ ಉಂಗುರದಂತೆ ಕೋಟಿಂಗ್ ಕತ್ತರಿಸಿಹೋಗಿತ್ತು. 9 ಎಂಎಂ ತೋಟಾ ಚೇಂಬರ್‌ನಲ್ಲಿ ನಿಲ್ಲುವುದೇ ಕೇಸ್‌ನ ಬಾಯಿಯ ಅಂಚಿನ ಮೇಲೆ, ಅದನ್ನು ಒಳಗೆ ಮಡಚಿದರೆ ಹೇಗೆ, ಅಲ್ವಾ? ಸ್ವಲ್ಪ ಮೇಲೆತ್ತಿ 9.63ಕ್ಕೆ ತಂದೆ. ಮೇಜಿಗೆ ಒತ್ತಿ ಹಿಡಿದರೂ ಬುಲೆಟ್ ಒಳಗೆ ಜಾರಲಿಲ್ಲ.

ಶನಿವಾರ

ನೂರು ಹೊಡೆದೆ. ತೊಂಬತ್ತೊಂಬತ್ತು ಸರಾಗ. ತಡೆದ ಒಂದನ್ನು ಬಿಚ್ಚಿ, ಖಾಲಿ ಮಾಡಿ, ಮಸಿ ಬಳಿದು ನೋಡಿದೆ. ಗೀರು ಈಗ ಕೆಳಗೆ, ಬುಡದ ಹತ್ತಿರ. ಹೊಡೆದ ಕೇಸನ್ನು ಮತ್ತೆ ಅಳತೆಗೆ ಕುಗ್ಗಿಸುವ ಸೈಜಿಂಗ್ ಡೈ, ಕೇಸ್‌ನ ಬುಡ ಹಿಡಿಯುವ ಶೆಲ್ ಹೋಲ್ಡರ್‌ಗೆ ತಾಗುವವರೆಗೆ ಇಳಿದಿಲ್ಲ ಅನ್ನಿಸುತ್ತದೆ, ಮಧ್ಯೆ ಕೂದಲೆಳೆಯಷ್ಟು ಬೆಳಕು ಕಾಣುತ್ತಿದೆ.