ಎಣ್ಣೆ ಹಚ್ಚುವ ಮೊದಲು

ಉಡುಪಿ, 23 ಜುಲೈ 2025, ಬುಧವಾರ

ತುಳುನಾಡಿನ ಮಳೆಗಾಲದ ಆಟಿ ತಿಂಗಳು ಬಂತೆಂದರೆ ನಮ್ಮ ಆಯುರ್ವೇದ ಆಸ್ಪತ್ರೆಯ ಪಂಚಕರ್ಮ ವಿಭಾಗದಲ್ಲಿ, ಎಣ್ಣೆ ಹಚ್ಚುವ ನಮ್ಮಂಥ ಥೆರಪಿಸ್ಟರಿಗೆ ಉಸಿರು ಬಿಡಲಿಕ್ಕೂ ಪುರುಸೊತ್ತಿಲ್ಲ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಟ್ಟು ಸೊಂಟ ಹಿಡಿದವರು, ಮುಂಬೈಯಿಂದ ರಜೆ ಹಾಕಿ ಬಂದವರು, ಮಳೆಗಾಲದಲ್ಲಿ ಎಣ್ಣೆ ಹಚ್ಚಿಸಿಕೊಂಡರೆ ವರ್ಷವಿಡೀ ಗಂಟುನೋವಿಲ್ಲ ಎಂದು ನಂಬಿದವರು ಎಲ್ಲರೂ ಒಟ್ಟಿಗೇ ಬರುತ್ತಾರೆ. ಟವೆಲ್‌ಗಳು ಮಾತ್ರ ಒಣಗುವುದಿಲ್ಲ.

ಬೆಳಿಗ್ಗೆ ಮೊದಲು ಬಂದವರು ಅರವತ್ತು ದಾಟಿದ ಒಬ್ಬರು ಅಮ್ಮ, ಜೊತೆಗೆ ಸೊಸೆ. ಚೀಟಿಯಲ್ಲಿ ಡಾಕ್ಟರು ಶನಿವಾರ ಬರೆದದ್ದು: ಮೊಣಕಾಲು ನೋವು, ಅಭ್ಯಂಗ (ಎಣ್ಣೆ ಹಚ್ಚಿ ತಿಕ್ಕುವುದು), ಪತ್ರಪಿಂಡ ಸ್ವೇದ (ಸೊಪ್ಪಿನ ಬಿಸಿ ಗಂಟಿನ ಶಾಖ). ದ್ರೋಣಿ, ಅಂದರೆ ಎಣ್ಣೆ ಹಚ್ಚುವ ಮೇಜಿನ ಮೇಲೆ ಮಲಗಿಸಿ ಕಾಲಿನ ಮೇಲಿನ ಬಟ್ಟೆ ಸರಿಸಿದೆ. ಎಡ ಮೀನಖಂಡ ಬಲದ್ದಕ್ಕಿಂತ ದಪ್ಪ, ಚರ್ಮ ಬಿಗಿದು ಮಿರುಗುತ್ತಿತ್ತು. ಮುಟ್ಟಿದರೆ ಬಿಸಿ. ಟೇಪ್ ಹಿಡಿದು ಎರಡೂ ಕಾಲಿನ ಸುತ್ತಳತೆ ತೆಗೆದೆ, ನಾಲ್ಕು ಸೆಂಟಿಮೀಟರ್ ವ್ಯತ್ಯಾಸ. ಯಾವಾಗಿನಿಂದ ಅಮ್ಮಾ ಎಂದು ಕೇಳಿದರೆ, "ಸೋಮವಾರ ರಾತ್ರಿಯಿಂದ ಮಗಾ. ಅಲ್ಲೇ ಸ್ವಲ್ಪ ಜೋರಾಗಿ ಒತ್ತು, ಇಳಿದು ಹೋಗ್ತದೆ" ಅಂದರು.

ಒತ್ತಲಿಲ್ಲ. ಒಂದೇ ಕಾಲು ಹೀಗೆ ಬಿಸಿಯಾಗಿ ಊದಿದ್ದರೆ ಒಳಗಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಒತ್ತಿದರೆ ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಕೂರಬಹುದು, ಆಮೇಲೆ ನಿಮಿಷಗಳ ಲೆಕ್ಕ. ಅಷ್ಟು ಹೇಳಿದರೂ ಅಮ್ಮನಿಗೆ ಸಿಟ್ಟು. "ಒತ್ತಿಸಿಕೊಳ್ಳಲಿಕ್ಕೆ ಅಂತಲೇ ಬಂದದ್ದಲ್ವಾ?" ಡಾಕ್ಟರನ್ನು ಕರೆದೆ, ಅವರು ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನಿಗೆ ಕಳಿಸಿದರು. ಮಧ್ಯಾಹ್ನ ಸೊಸೆಯ ಫೋನ್ ಬಂತು. ಹೆಪ್ಪು ಇಲ್ಲವಂತೆ. ಮೊಣಕಾಲಿನ ಹಿಂದೆ ತುಂಬಿದ್ದ ನೀರುಗುಳ್ಳೆ ಒಡೆದು ಮೀನಖಂಡಕ್ಕೆ ಇಳಿದದ್ದು. ಸಂಧಿವಾತ ಇದ್ದವರಿಗೆ ಹಾಗೆ ಆಗುವುದುಂಟು, ನೋಡಲಿಕ್ಕೆ ಥೇಟ್ ಹೆಪ್ಪಿನ ಹಾಗೇ ಇರುತ್ತದೆ. "ಹಾಗಾದ್ರೆ ಬೆಳಿಗ್ಗೆ ಒತ್ತಬಹುದಿತ್ತಲ್ಲ?" ಎಂದು ಕೇಳಿದಳು. ಬೆಳಿಗ್ಗೆ ನಮಗೆ ಅದು ಗೊತ್ತಿರಲಿಲ್ಲವಲ್ಲ ಅಂದೆ. ಅವಳಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ.

ಎಣ್ಣೆ ಹಚ್ಚಿದರೆ ಒಳ್ಳೆಯದು ಆಗದಿದ್ದರೂ ಕೆಟ್ಟದಂತೂ ಆಗುವುದಿಲ್ಲ ಅನ್ನುವುದು ನಮ್ಮ ಜನರ ಗಟ್ಟಿ ನಂಬಿಕೆ. ಅಭ್ಯಂಗವನ್ನು ದಿನಾ ಮಾಡಿ ಎಂದ ಆಯುರ್ವೇದದ ಹಳೆಯ ಆಚಾರ್ಯ ವಾಗ್ಭಟನೇ ತನ್ನ ಅಷ್ಟಾಂಗಹೃದಯ ಗ್ರಂಥದಲ್ಲಿ ಕಫದ ಬಾಧೆ ಇರುವವರಿಗೆ, ಆಗಷ್ಟೇ ವಮನ-ವಿರೇಚನ (ವಾಂತಿ, ಭೇದಿ ಮಾಡಿಸುವ ಚಿಕಿತ್ಸೆ) ಮುಗಿಸಿದವರಿಗೆ, ಅಜೀರ್ಣದವರಿಗೆ ಬೇಡ ಅಂದಿದ್ದಾನೆ. ಈಗ ಆ ಪಟ್ಟಿ ಉದ್ದವಾಗಿದೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಮೂಳೆ ಸವೆದವರು, ಬಸುರಿಯರು, ಜ್ವರ ಇದ್ದವರು, ಇವರನ್ನೆಲ್ಲ ಡಾಕ್ಟರನ್ನು ಕೇಳದೆ ಮುಟ್ಟುವ ಹಾಗಿಲ್ಲ. ಸಕ್ಕರೆ ಕಾಯಿಲೆಯವರ ಅಂಗಾಲು ಇನ್ನೊಂದು ತಲೆಬಿಸಿ. ಕಿಳಿಯನ್ನು, ಅಂದರೆ ಶಾಖ ಕೊಡುವ ಬಿಸಿ ಗಂಟನ್ನು, ಬಾಣಲೆಯಿಂದ ತೆಗೆದವಳೇ ನನ್ನ ಮುಂಗೈ ಹಿಂಭಾಗಕ್ಕೆ ಇಟ್ಟು ನೋಡುತ್ತೇನೆ, ಆಮೇಲೆ ಅವರ ಮುಂಗೈಗೆ. ಪಾದಕ್ಕೆ ಇಟ್ಟಾಗ "ಬಿಸಿಯೇ ಇಲ್ಲ, ಇನ್ನೂ ಕಾಯಿಸಿ" ಅನ್ನುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ, ಅಲ್ಲಿನ ನರಕ್ಕೆ ಬಿಸಿ ಗೊತ್ತಾಗುವುದಿಲ್ಲ. ಗುಳ್ಳೆ ಎದ್ದದ್ದು ಮನೆಗೆ ಹೋದ ಮೇಲೆ ಗೊತ್ತಾಗುತ್ತದೆ.

ಕುತ್ತಿಗೆ ಲಟಕ್ ಅನ್ನಿಸಿ ಎಂದು ಇವತ್ತೂ ಒಬ್ಬರು ಕೇಳಿದರು. ಕಳೆದ ವರ್ಷ ಬಳ್ಳಾರಿಯಲ್ಲಿ ಸಲೂನಿನವನ ಕೈಲಿ ತಲೆ ಮಸಾಜ್ ಮಾಡಿಸಿಕೊಂಡು ಕುತ್ತಿಗೆ ತಿರುಚಿಸಿಕೊಂಡ 30 ವರ್ಷದ ಯುವಕನಿಗೆ ರಕ್ತನಾಳ ಹರಿದು ಪಾರ್ಶ್ವವಾಯು ಆದದ್ದು ಪೇಪರಿನಲ್ಲಿ ಬಂದಿತ್ತಲ್ಲ. ಅದನ್ನೇ ಹೇಳಿದೆ, ಸುಮ್ಮನಾದರು.

ಹೊಸದಾಗಿ ಸೇರಿದ ಹುಡುಗಿ ಕೈಚಳಕದವಳು, ಒತ್ತಡದ ಅಂದಾಜು ಚೆನ್ನಾಗಿದೆ. ಆದರೆ ಬಾಗಿಲು ತಟ್ಟದೆ ಒಳಗೆ ನುಗ್ಗುತ್ತಾಳೆ. "ಹೆಂಗಸರೇ ಅಲ್ವಾ ಅಕ್ಕ?" ಎಂದು ಅವಳ ಪ್ರಶ್ನೆ. ಹೆಂಗಸರಾದರೇನು, ಅವರಿಗೆ ನಾಚಿಕೆ ಇಲ್ಲವೇ? ಬಟ್ಟೆ ಬದಲಿಸುವಾಗ ನಾವು ಹೊರಗೆ ನಿಲ್ಲಬೇಕು. ಲಂಗೋಟಿ ಕಟ್ಟುವುದು ಗೊತ್ತಿಲ್ಲದಿದ್ದರೆ ಮೊದಲೇ ತೋರಿಸಿ ಕೊಡಬೇಕು. ಯಾವ ಕೈಯೋ ಕಾಲೋ ಅದನ್ನಷ್ಟೇ ತೆರೆದು, ಮುಗಿದ ಕೂಡಲೇ ಮುಚ್ಚಬೇಕು. ಹೊಟ್ಟೆಗೆ, ತೊಡೆಗೆ, ಎದೆಯ ಹತ್ತಿರಕ್ಕೆ ಹೋಗುವ ಮೊದಲು ಬಾಯಿಬಿಟ್ಟು ಕೇಳಬೇಕು. ಮೊದಲ ದಿನ ಸರಿ ಅಂದವರು ಮೂರನೇ ದಿನ ಬೇಡ ಅನ್ನಬಹುದು, ಅದಕ್ಕೆ ಕಾರಣ ಕೇಳಬಾರದು. 2021ರಲ್ಲಿ ದೆಹಲಿ ಸರ್ಕಾರ ಸ್ಪಾಗಳಲ್ಲಿ ಹೆಣ್ಣಿಗೆ ಹೆಣ್ಣು, ಗಂಡಿಗೆ ಗಂಡು ಎಂದು ನಿಯಮ ಮಾಡಿತು. ನಮ್ಮಂಥ ಆಸ್ಪತ್ರೆಗಳಲ್ಲಿ ಅದು ಮೊದಲಿನಿಂದಲೂ ಪದ್ಧತಿ. ಅಷ್ಟಕ್ಕೇ ಎಲ್ಲ ಸರಿಹೋಗುತ್ತದೆ ಅಂದುಕೊಂಡರೆ ಈ ಹುಡುಗಿಯ ಹಾಗೆ ಬಾಗಿಲು ತಟ್ಟುವುದೂ ಮರೆತುಹೋಗುತ್ತದೆ.

ಮಲಗಿದವರು ಮಾತಾಡುತ್ತಾರೆ. ಮಗನ ಸಾಲ, ಸೊಸೆಯ ಜೊತೆಗಿನ ಜಗಳ ಎಲ್ಲ ಎಣ್ಣೆಯ ಜೊತೆ ಸಡಿಲವಾಗಿ ಹೊರಬರುತ್ತದೆ. ಕೇಳಿಸಿಕೊಳ್ಳುತ್ತೇನೆ, ತೀರ್ಪು ಕೊಡುವುದಿಲ್ಲ, ಕ್ಯಾಂಟೀನಿಗೆ ಒಯ್ಯುವುದಿಲ್ಲ. ನನ್ನ ಸ್ವಂತ ನಂಬರ್ ಕೊಡುವುದಿಲ್ಲ. "ನೀನು ನನ್ನ ಮಗಳ ಹಾಗೆ, ಭಾನುವಾರ ಮನೆಗೇ ಬಂದು ಹಚ್ಚು" ಅನ್ನುವವರಿಗೆ ನಗುತ್ತಲೇ ಇಲ್ಲ ಅನ್ನುವುದು ಈ ಕೆಲಸದಲ್ಲಿ ನಾನು ಕಲಿತ ಕಷ್ಟದ ಪಾಠ. ಪ್ರೀತಿಯಿಂದ ಕರೆಯುತ್ತಾರೆ, ಅದೇ ತೊಂದರೆ.

ಮಧ್ಯಾಹ್ನ ರಿಸೆಪ್ಶನ್ನಿಗೆ ಯಾವುದೋ ಹೋಂಸ್ಟೇಯಿಂದ ಗಂಡಸೊಬ್ಬನ ಫೋನ್. "ಲೇಡಿ ಥೆರಪಿಸ್ಟ್ ಇಲ್ಲಿಗೆ ಬರ್ತಾರಾ? ರೇಟ್ ಎಷ್ಟಾದ್ರೂ ಆಗ್ಬಹುದು." ನಮ್ಮ ರಿಸೆಪ್ಶನ್ನಿನವಳು ನಂಬರನ್ನು ಪುಸ್ತಕದಲ್ಲಿ ಬರೆದುಕೊಂಡು ಫೋನ್ ಇಟ್ಟಳು. ಹಿಂದೆ ನಾನಿದ್ದ ಕಡೆ ಇಂಥದ್ದನ್ನು ಹೇಳಿದರೆ ಮ್ಯಾನೇಜರ್ "ಗಿರಾಕಿ ದೇವರಮ್ಮ, ಸ್ವಲ್ಪ ಹೊಂದಿಕೊಳ್ಳಿ" ಅನ್ನುತ್ತಿದ್ದ. ಅವನಿಗೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಗೊತ್ತಿರಲಿಲ್ಲ, ನನಗೂ ಆಗ ಗೊತ್ತಿರಲಿಲ್ಲ. ಕಿರುಕುಳ ಕೊಡುವವನು ಜೊತೆಗೆ ಕೆಲಸ ಮಾಡುವವನೇ ಆಗಬೇಕೆಂದಿಲ್ಲ, ಕೆಲಸದ ಜಾಗಕ್ಕೆ ಬರುವ ಹೊರಗಿನವರಿಂದಲೂ ನಮ್ಮನ್ನು ಕಾಯುವುದು ಮಾಲೀಕನ ಹೊಣೆ ಎಂದು ಅದರಲ್ಲೇ ಇದೆ. ಹತ್ತು ಜನರಿಗಿಂತ ಕಡಿಮೆ ಇರುವ ಕಡೆ ಆಂತರಿಕ ಸಮಿತಿ ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಂಜೆ ಹುಡುಗಿಗೆ ಇದನ್ನು ಹೇಳಿದೆ. ಬಾಗಿಲು ತಟ್ಟುವ ವಿಷಯಕ್ಕಿಂತ ಇದನ್ನು ಹೆಚ್ಚು ಗಮನ ಕೊಟ್ಟು ಕೇಳಿದಳು.

ಫೋನಿನ ವಿಷಯ ಕಿವಿಗೆ ಬಿದ್ದದ್ದೇ ನಮ್ಮ ಮಾಲೀಕರಿಗೆ ಹೊಸ ಯೋಚನೆ ಬಂತು. ಚಿಕಿತ್ಸಾ ಕೋಣೆಗಳಿಗೆಲ್ಲ ಸಿಸಿಟಿವಿ ಹಾಕಿಸುವ, ಆಗ ಯಾರೂ ಯಾರ ಮೇಲೂ ದೂರು ಹೇಳುವ ಹಾಗಿಲ್ಲ ಅಂತ. ಎದೆ ಧಸಕ್ಕೆಂದಿತು. ಮೈಮೇಲೆ ತುಂಡು ಬಟ್ಟೆ ಹಾಕಿಕೊಂಡು ಮಲಗಿದವರ ವಿಡಿಯೊ ಯಾವ ಕಂಪ್ಯೂಟರಿನಲ್ಲಿ ಇರುತ್ತದೆ, ಯಾರು ನೋಡುತ್ತಾರೆ? ತಮಿಳುನಾಡಿನಲ್ಲಿ ಇದೇ ಗೊಂದಲ ಆಗಿತ್ತು ಎಂದು ಹೇಳಿದೆ. 2021ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ ಸ್ಪಾ, ಮಸಾಜ್ ಕೇಂದ್ರಗಳಿಗೆ ಕ್ಯಾಮೆರಾ ಹಾಕಿಸಿ ಅಂದರು. 2022ರ ಜನವರಿಯಲ್ಲಿ ಮದುರೈ ಪೀಠದ ಇನ್ನೊಬ್ಬರು, ಅದು ಖಾಸಗಿತನದ ಹಕ್ಕಿಗೆ ಧಕ್ಕೆ ಅಂದರು. ಅವರು ಆಧಾರವಾಗಿ ಹಿಡಿದದ್ದು ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಸುಪ್ರೀಂ ಕೋರ್ಟಿನ ತೀರ್ಪನ್ನು, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ್ದ ಕೇಸು ಅದು.

ಕೋರ್ಟಿನ ಮಾತಿಗೆ ಮಾಲೀಕರು ಅಷ್ಟೇನೂ ಅಲುಗಲಿಲ್ಲ. ಎಣ್ಣೆ ಹಬೆಗೆ ಲೆನ್ಸ್ ಎಷ್ಟು ದಿನ ಬಾಳಿಕೆ ಬಂದೀತು ಎಂದು ಡಾಕ್ಟರು ಕೇಳಿದಾಗ ಯೋಚನೆ ಮಾಡಿದರು. "ಆಯ್ತು, ವರಾಂಡಕ್ಕೂ ರಿಸೆಪ್ಶನ್ನಿಗೂ ಮಾತ್ರ ಹಾಕಿಸುವ. ಒಳಗೆ ಕರೆಗಂಟೆ ಇಡುವ, ಖರ್ಚೂ ಕಡಿಮೆ." ಕರೆಗಂಟೆ ಒಂದು ಸಾಲದು, ಮಲಗಿದವರ ಕೈಗೆ ಸಿಗುವ ಹಾಗೆ ಒಂದು, ನಮಗೆ ಒಂದು ಬೇಕು ಅಂದೆ. ನಾಳೆ ಆಟಿ ಅಮಾವಾಸ್ಯೆ, ಎಲೆಕ್ಟ್ರಿಷಿಯನ್ ಬರುವುದಿಲ್ಲ. ಶುಕ್ರವಾರಕ್ಕೆ ಹೇಳಿದ್ದಾರೆ.